ಕೆರೆಗೆ ಹೊರಟ ಕಂಪ್ಯೂಟರ್

ನನ್ನ ಗಂಡ ಶಿವಯೋಗಿಯ ವರ್ಷದ ಕಾರ್ಯ ಮುಗಿದು ನೆಂಟರು ಹೋದ ಮಾರನೆಯ ಬೆಳಿಗ್ಗೆ ಅವನ ಕಂಪ್ಯೂಟರ್ ಬಾಗಿಲ ಕಡೆ ಮುಖ ಮಾಡಿ ಕೂತಿತ್ತು.

ಕಸ ಗುಡಿಸುತ್ತಿದ್ದವಳು ಹಾಗೇ ನಿಂತೆ. ಹಿಂದಿನ ದಿನ ಅದು ಗೋಡೆಗೆ ಬೆನ್ನು ಕೊಟ್ಟು ಖಾಲಿ ಕುರ್ಚಿಯನ್ನು ನೋಡುತ್ತಿತ್ತು. ಈಗ ಮಾನಿಟರಿನ ಬೂದು ಗಾಜಿನಲ್ಲಿ ತೆರೆದ ಬಾಗಿಲು, ಅದರಾಚೆಯ ಓಣಿ, ಓಣಿಯಲ್ಲಿ ಹೋಗುತ್ತಿದ್ದ ಒಂದು ಆಡು, ಎಲ್ಲ ಸಣ್ಣದಾಗಿ ಕಾಣುತ್ತಿದ್ದವು. ಅತ್ತೆ ದುಂಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ನೋಡಿದರು.

"ಹೊಂಟತಲ್ಲ" ಅಂದರು. "ಇಷ್ಟ ದಿನಾ ನಿಂತಿದ್ದ ದೊಡ್ಡದು."

ಒಲೆಯ ಮೇಲೆ ಹಾಲಿತ್ತು. ಒಳಗೆ ಹೋದರು.

ನಮ್ಮ ಊರಿನಲ್ಲಿ ಯಾರೂ ಬಳಸದ ಸಾಮಾನು ಉಳಿಯುವುದಿಲ್ಲ. ಮೊದಲು ಬಾಗಿಲ ಕಡೆ ತಿರುಗುತ್ತದೆ. ಆಮೇಲೆ ಮೇಜಿನ ಅಂಚು, ನೆಲ, ಹೊಸ್ತಿಲು, ಕಟ್ಟೆ, ಓಣಿ. ಕೊನೆಗೆ ಕೆರೆ. ಕೆರೆಗೆ ಇಳಿದದ್ದು ಮತ್ತೆ ಸಿಕ್ಕಿಲ್ಲ. ಹೋಗುವುದನ್ನು ಯಾರೂ ಕಂಡವರಿಲ್ಲ. ರೊಟ್ಟಿ ಮಗುಚಲು ತಿರುಗಿದಾಗ, ಕಣ್ಣಿಗೆ ಬಿದ್ದ ಧೂಳು ಉಜ್ಜಿಕೊಂಡಾಗ ಅದು ಅಷ್ಟು ದೂರ ಹೋಗಿರುತ್ತದೆ. ಎತ್ತಿ ತಂದು ಒಳಗಿಟ್ಟರೆ ಇನ್ನೂ ಅವಸರ ಮಾಡುತ್ತದೆ. ಹೊರಟ ಸಾಮಾನಿಗೆ ಅಡ್ಡ ನಿಲ್ಲುವುದು ಊರಿನಲ್ಲಿ ಸಭ್ಯತೆ ಅಲ್ಲ. ಓಣಿಯ ನಡುವೆ ಬೀಸುವ ಕಲ್ಲೊಂದು ಹೊರಟಿದ್ದರೆ ಬೈಕಿನವರು ಇಳಿದು, ಬೈಕನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತಾರೆ.

ಜನ ಹೊಂದಿಕೊಂಡಿದ್ದಾರೆ. ಮದುವೆಯ ರೇಷ್ಮೆ ಸೀರೆ ಉಟ್ಟ ಹೆಂಗಸರು ಸಂತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬದನೆಕಾಯಿ ಆರಿಸುತ್ತಿರುತ್ತಾರೆ. ದೊಡ್ಡ ಹಂಡೆ ಇದ್ದವರು ಪಕ್ಕದ ಮನೆಯವರನ್ನು ಕಾಡಿ ಬೇಡಿ ಜಳಕಕ್ಕೆ ಕರೆಯುತ್ತಾರೆ. ನಿವೃತ್ತ ಹವಾಲ್ದಾರರೊಬ್ಬರು ಆಗಾಗ ಚೌಕಿನಲ್ಲಿ ನಿಂತು ಸೀಟಿ ಊದುತ್ತಾರೆ. ಸುಮ್ಮನೆ ಊದಿದರೆ ನಡೆಯುವುದಿಲ್ಲ. ಎಮ್ಮೆಯಾದರೂ ಸರಿ, ಯಾರಾದರೂ ನಿಲ್ಲಬೇಕು. ಮ್ಯೂಸಿಯಂ ಎನ್ನುವುದು ಮಾತ್ರ ಈ ಊರಿಗೆ ಗೊತ್ತಿಲ್ಲ.

ನಾನು ಓದಿದ್ದು ಅದನ್ನೇ. ವಿಶ್ವವಿದ್ಯಾಲಯದಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವುದನ್ನು ಕಲಿತೆ. ಮುಟ್ಟದಿರುವುದು ಮೊದಲ ಪಾಠ. ಮುಟ್ಟಲೇಬೇಕಾದರೆ, ಹಿಂದಿನವರ ಕೈಗುರುತು ಅಳಿಸದಿರುವುದು ಎರಡನೆಯದು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಬಿಳಿ ಕೈಗವಸುಗಳು ಹೊಸ್ತಿಲ ಮೇಲೆ ಬಂದು ಕೂತಿದ್ದನ್ನು ಕಂಡು ಶಿವಯೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಹಾಕ್ಕೊಂಡು ಬದನಿಕಾಯಿ ಸುಡು ನೀಲಾ, ಇರ್ತಾವು" ಅಂದಿದ್ದ. ಸುಟ್ಟೆ. ಇದ್ದವು, ಕಪ್ಪಗೆ.

ಅವನು ಜ್ವರ ಬಂದು ಹೋದ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹೋದವರ ಸಾಮಾನನ್ನು ಇಲ್ಲಿ ತಡ ಮಾಡದೆ ಹಂಚುತ್ತಾರೆ. ಅತ್ತೆಯೇ ಮುಂದೆ ನಿಂತು ಅಂಗಿ, ಪ್ಯಾಂಟು, ಚಪ್ಪಲಿ, ಸೈಕಲ್ಲು ಎಲ್ಲವನ್ನೂ ಅಳತೆ ನೋಡಿ ನೋಡಿ ಕೊಟ್ಟರು. "ನಿನ್ನ ಹೆಗಲಿಗೆ ಇದು ಬರೂದಿಲ್ಲೋ, ಹರದಗಿರದೀ" ಎಂದು ಒಬ್ಬನನ್ನು ಗದರಿದರು ಕೂಡ. ನಾನು ಮೂಲೆಯಲ್ಲಿ ಕೂತು ನೋಡಿದೆ. ಏನೂ ಅನ್ನಿಸಲಿಲ್ಲ. ಆಮೇಲೂ ಅನ್ನಿಸಲಿಲ್ಲ. ಅವನ ನೀಲಿ ಚೌಕಳಿ ಅಂಗಿ ಬೆಳಿಗ್ಗೆ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ನಮ್ಮ ಓಣಿಯಲ್ಲಿ ಹೋಗುತ್ತಿತ್ತು. ನಾನು ಕಿಟಕಿಯಿಂದ ಅಂಗಿಯನ್ನು ನೋಡುತ್ತಿದ್ದೆ. ಅದರೊಳಗಿನ ಮನುಷ್ಯನನ್ನು ನೋಡುತ್ತಿರಲಿಲ್ಲ.

ಯಾರೂ ಕೇಳದೆ ಉಳಿದದ್ದು ಕಂಪ್ಯೂಟರ್ ಒಂದೇ. ಅದು ಬಹಳ ಹಳೆಯದು. ಅಡ್ಡ ಮಲಗಿದ ತಗಡಿನ ಪೆಟ್ಟಿಗೆ, ಅದರ ಮೇಲೆ ಬೆನ್ನು ಉಬ್ಬಿದ ಮಾನಿಟರ್, ಒತ್ತಿದರೆ ಟಕ್ಕೆನ್ನುವ ಕೀಲಿಗಳು. ಹಸಿರು ಅಕ್ಷರ ಬಿಟ್ಟರೆ ಬೇರೆ ಬಣ್ಣ ಅದಕ್ಕೆ ಗೊತ್ತಿರಲಿಲ್ಲ. ಚೌಕಿನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿದ ಮೇಲೆ ಅಲ್ಲಿನ ಟೈಪ್‌ರೈಟರುಗಳೆಲ್ಲ ಒಂದರ ಹಿಂದೊಂದು ಸಾಲು ಹಿಡಿದು ಕೆರೆಗೆ ಹೋದವಂತೆ. ಶಿವಯೋಗಿ ಶಾಲೆಯಲ್ಲಿ ಗುಮಾಸ್ತ, ಟೈಪಿಂಗ್ ಕಲಿತದ್ದು ಅಲ್ಲೇ. ಇದೊಂದನ್ನಾದರೂ ಉಳಿಸೋಣ ಎಂದು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಂದಿದ್ದ. ಅದರಲ್ಲೊಂದು ಫ್ಲಾಪಿ ಇತ್ತು, ಟೈಪಿಂಗ್ ಕಲಿಸುವ ಆಟ. ಮೇಲಿನಿಂದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ನೆಲ ಮುಟ್ಟುವ ಮುಂಚೆ ಅದೇ ಅಕ್ಷರದ ಕೀಲಿ ಒತ್ತಬೇಕು. ಸಂಜೆ ಸಂಜೆ ಅದನ್ನು ಆಡುತ್ತಿದ್ದ. ಒಂದು ದಿನ ಅದು ಕೆಟ್ಟಿತು. ಮುಚ್ಚಳ ಬಿಚ್ಚಿ ರಿಪೇರಿಗೆ ಕೂತ. ಕೂತವನಿಗೆ ಜ್ವರ ಬಂತು. ತಿರುಪು ಬಿಗಿಯದ ಮುಚ್ಚಳ ಹಾಗೇ ಮೇಲೆ ಕೂತಿತ್ತು. ನಾನು ಮುಟ್ಟಿರಲಿಲ್ಲ.

ಅದು ಹೋಗಬಾರದು ಅನ್ನಿಸಿತು. ಒಂದು ವರ್ಷದಲ್ಲಿ ನನಗೆ ಬೇಕು ಅನ್ನಿಸಿದ ವಸ್ತು ಅದೊಂದೇ.

ಮೊದಲು ದಿನಾ ಒರೆಸಿದೆ. ಅದು ಮೇಜಿನ ಅಂಚಿಗೆ ಬಂತು. "ಒರಸೂದು ಬಳಕಿ ಅಲ್ಲವಾ" ಅಂದರು ಅತ್ತೆ. ಹಗ್ಗ ತಂದು ಕಿಟಕಿಯ ಸರಳಿಗೆ ಕಟ್ಟಿದೆ. ತಿರುಗಿ ನೋಡುವಷ್ಟರಲ್ಲಿ ಗಂಟು ಬಿಚ್ಚಿ ನೆಲಕ್ಕಿಳಿದಿತ್ತು. "ಕಟ್ಟಿದ್ರ ಹಗ್ಗಕ್ಕ ಬಳಕಿ ಆತು. ಡಬ್ಬಿಗೆ ಏನಾತು?" ಅಂದರು.

"ಮತ್ತೆ ಏನು ಮಾಡಲಿ ಅತ್ತೆ?"

"ನಾಗಕ್ಕನ ಟಿವಿ ಸತ್ತಾಗ ಒಳಗಿಂದೆಲ್ಲಾ ತಗದು ಕೋಳಿ ಕೂಡ್ರಿಸಿದ್ಲು. ಇವತ್ತಿಗೂ ಐತಿ ನೋಡು. ತತ್ತೀನೂ ಕೊಡ್ತೈತಿ."

"ಟಿವಿ?"

"ಕೋಳಿವಾ." ಅತ್ತೆ ನಗಲಿಲ್ಲ. "ಇದರ ಮ್ಯಾಲೆ ಉಪ್ಪಿನಕಾಯಿ ಭರಣಿ ಇಡು. ಚಂದ ಸಪಾಟ ಐತಿ."

ಆಗುವುದಿಲ್ಲ ಅಂದೆ. ಭರಣಿ ಹೊತ್ತರೆ ಪೆಟ್ಟಿಗೆ ಉಳಿಯುತ್ತಿತ್ತು, ನಿಜ. ಉಳಿಯುವುದು ಒಂದು ಸ್ಟೂಲು. ಕಂಪ್ಯೂಟರಾಗಿಯೇ ಉಳಿಯಬೇಕಾದರೆ ಅದು ನಡೆಯಬೇಕಿತ್ತು, ಯಾರಾದರೂ ಅದರ ಮುಂದೆ ಕೂತು ಬಳಸಬೇಕಿತ್ತು. ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಹೊದ್ದು ಹೋಗಿ ಫಕ್ರುದ್ದೀನ್ ಮಾಮಾನನ್ನು ಕರೆತಂದರು.

ಫಕ್ರು ಮಾಮಾ ಊರಿನ ಮಿಕ್ಸರ್, ಫ್ಯಾನು, ಟಿವಿಗಳನ್ನು ರಿಪೇರಿ ಮಾಡುವವರು. ಅತ್ತೆಯೂ ಅವರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು.

"ಇಂಥಾವು ನೂರಾರು ನೋಡೀನಿ ತಂಗಿ" ಅಂದರು ಬಾಗಿಲಲ್ಲೇ. "ಅಂಜಬ್ಯಾಡ."

ಕೂತರು. ಪ್ಲಗ್ಗು ಹುಡುಕಿ ಸಿಕ್ಕಿಸಿದರು. ನಾನು ಬೇಡ, ಮೊದಲು ಒಳಗೆ ನೋಡಿ ಅನ್ನುವಷ್ಟರಲ್ಲಿ ಸ್ವಿಚ್ಚು ಹಾಕಿಯೂ ಬಿಟ್ಟರು. ಈ ಊರಿನ ರಿಪೇರಿಯವರ ಪದ್ಧತಿ ಅದು. ಹೊರಟ ಸಾಮಾನಿಗೆ ಮೊದಲು ಬಳಕೆ, ಆಮೇಲೆ ರಿಪೇರಿ. ಒಂದು ಗಳಿಗೆ ಓಡಿದರೂ ನಾಲ್ಕು ದಿನ ಹೆಚ್ಚಿಗೆ ನಿಲ್ಲುತ್ತದೆ ಎಂಬ ಆಸೆ. ಮಿಕ್ಸರಿನಲ್ಲಿ ಅದು ನಡೆಯುತ್ತದೆಯೇನೋ. ಇಲ್ಲಿ ಪಟ್ಟೆಂದು ಸದ್ದಾಯಿತು. ಪೆಟ್ಟಿಗೆಯಿಂದ ಬಿಳಿ ಹೊಗೆ ಎದ್ದು ಮನೆಯೆಲ್ಲ ಸುಟ್ಟ ಮೀನಿನ ವಾಸನೆ ತುಂಬಿತು.

"ಊದಿನಕಡ್ಡಿ ಹಚ್ಚಾಕ ಕರದಿದ್ವೇನೋ ಫಕ್ರ್ಯಾ ನಿನ್ನ?" ಅಂದರು ಅತ್ತೆ, ಕೆಮ್ಮುತ್ತ.

"ಕೆಪಾಸಿಟರ್ ಹೋತು, ಅಷ್ಟ. ಹೊಟ್ಟಿ ಉಬ್ಬಿತ್ತು, ಒಡೀತು. ನಾ ಹಚ್ಚಿಕೊಡ್ತೀನಿ."

"ನೂರಾರು ನೋಡೀನಿ ಅಂದಿ?"

"ಟಿವಿ ಲೆಕ್ಕದಾಗ ಅಂದೆ ದುಂಡವ್ವಾ." ಮಾಮಾ ಟೋಪಿ ತೆಗೆದು ಗಾಳಿ ಹಾಕಿಕೊಂಡರು. ಆದರೆ ಎದ್ದು ಹೋಗಲಿಲ್ಲ.

ಹಳೆಯ ಟಿವಿಯೊಂದರಿಂದ ಕೆಪಾಸಿಟರ್ ಕಿತ್ತು ತಂದು ಹಾಕಿದರು. ಕರೆಂಟು ಬಂತು, ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಆಗ ನಾನು ಒಳಗೆ ಬಗ್ಗಿ ನೋಡಿದೆ. ದೊಡ್ಡ ಹಸಿರು ಹಲಗೆಯ ಮೇಲೆ ಒಂದು ಮೂಲೆಯಲ್ಲಿ ಬ್ಯಾಟರಿ ಸೋರಿ, ಸುತ್ತಲೂ ನೀಲಿ ಹಸಿರು ಬೂಷ್ಟು ಹರಡಿತ್ತು. ಅದು ತಾಮ್ರದ ಸಣ್ಣ ಸಣ್ಣ ಗೆರೆಗಳನ್ನು ತಿನ್ನುತ್ತ ಹೋಗಿತ್ತು. ಅಂಥ ಹಸಿರು ನನಗೆ ಗೊತ್ತಿತ್ತು. ಕಂಚಿನ ಮೂರ್ತಿಗಳ ಕಂಕುಳಲ್ಲಿ, ಹಳೆಯ ನಾಣ್ಯಗಳ ಅಂಚಿನಲ್ಲಿ ಬೇರೆ ಕಾರಣಕ್ಕೆ ಬರುವುದು. ಬಿಟ್ಟರೆ ಬೆಳೆಯುತ್ತದೆ. ಇದನ್ನು ತೆಗೆಯುವುದು ನನ್ನ ಕೆಲಸ ಅಂದೆ. ಮಾಮಾ ಸಂತೋಷದಿಂದ ಕೈ ತೊಳೆದುಕೊಂಡರು.

ಕಡ್ಡಿಗೆ ಹತ್ತಿ ಸುತ್ತಿ, ನಿಂಬೆರಸದಲ್ಲಿ ಅದ್ದಿ, ಉಜ್ಜಿದೆ. ನೊರೆ ಬಂತು. ಸ್ಪಿರಿಟ್ಟಿನಲ್ಲಿ ತೊಳೆದು ಮೆತ್ತನೆಯ ಬ್ರಷ್ಷಿನಿಂದ ಎಬ್ಬಿಸಿದೆ. ಮತ್ತೆ ನಿಂಬೆರಸ. ಕೈ ಮೇಲಿರುವಷ್ಟು ಹೊತ್ತು ಹೊರಟ ಸಾಮಾನು ಕಾಯುತ್ತದೆ. ಅದು ಸಾಮಾನಿನ ಸಭ್ಯತೆ. ಊಟಕ್ಕೆ ಎದ್ದರೆ ಅಷ್ಟು ದೂರ ಹೋಗಿರುತ್ತಿತ್ತು. ನಾಲ್ಕಾರು ದಿನದಲ್ಲಿ ನಾನೂ ಅದೂ ಹೊಸ್ತಿಲು ದಾಟಿ ಹೊರಗಿನ ಕಟ್ಟೆಗೆ ಬಂದಿದ್ದೆವು. ಅಲ್ಲಿ ಬೆಳಕು ಚೆನ್ನಾಗಿತ್ತು.

ಅತ್ತೆ ನನ್ನನ್ನು ಕೇಳದೆ ಕೀಲಿಗಳನ್ನೆಲ್ಲ ಕಿತ್ತು, ಅಂಟುವಾಳದ ನೊರೆಯಲ್ಲಿ ತೊಳೆದು, ಸಂಡಿಗೆಯಂತೆ ಮೊರದಲ್ಲಿ ಬಿಸಿಲಿಗೆ ಹರವಿದ್ದರು. ಕಾಗೆ ಓಡಿಸುತ್ತ ಪಕ್ಕದಲ್ಲಿ ಕೂತರು. ಯಾವ ಕೀಲಿ ಎಲ್ಲಿತ್ತು ಎಂದು ಕೇಳಿದ್ದಕ್ಕೆ, "ಓದಿದಾಕಿ ನೀ ಅದೀಯಲ್ಲ" ಅಂದರು. ಹಳದಿ ತಿರುಗಿದ ಮೈಯನ್ನು ತಲೆಗೂದಲಿಗೆ ಹಚ್ಚುವ ಔಷಧದಿಂದ ಬೆಳ್ಳಗೆ ಮಾಡಬಹುದು ಎಂದು ಮಾಮಾ ಹೇಳಿದ್ದರು. ಬೇಡ ಅಂದೆ. ಹಳದಿ ಹಾಗೇ ಇರಲಿ.

ನೀಲಿ ಚೌಕಳಿ ಅಂಗಿ ಕ್ಯಾನು ಹಿಡಿದು ಹೋಯಿತು. ಅತ್ತೆ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದರು.

"ಅಂವನ ಮನಿ ಆ ಕಡೆ" ಅಂದರು. "ಇಲ್ಲಿಂದ ಹೋದ್ರ ಸುತ್ತ ಆಕ್ಕೈತಿ. ದಿನಾ ಈ ಓಣಿ ಹಿಡದ ಹೋಗು ಅಂತ ನಾನ ಹೇಳೀನಿ."

ನನ್ನ ಕೈಯಲ್ಲಿದ್ದ ಕಡ್ಡಿ ನಿಂತಿತು.

"ನೀಲಾ, ಬೆನ್ನು ತುರಸ ಸ್ವಲ್ಪ" ಅಂದರು.

"ಕೈಯಲ್ಲಿ ಕೆಲಸ ಇದೆ ಅತ್ತೆ. ಆಮೇಲೆ."

ಅತ್ತೆ ತಿರುಗಿ ನನ್ನನ್ನು ನೋಡಿದರು. ಮುಖ ಅರಳಿತು. "ಆತು ಬಿಡು. ಇನ್ನ ಸಾಕು."

"ಏನು ಸಾಕು?"

"ಅಂವಾ ಹೋದ ಮ್ಯಾಲೆ ನೀ ಬಾಗಲ ಕಡೆ ಮಾರಿ ಮಾಡಿ ಕುಂಡ್ರತಿದ್ದಿ. ಕರದ್ರ ಕೇಳ್ತಿದ್ದಿಲ್ಲ. ನನಗ ಎದಿ ಝಲ್ ಅಂತು. ಅವತ್ತಿಂದ ಹಚ್ಚೀನಿ ನಿನಗ ಕೆಲಸಾ. ಸೂಜಿ ಪೋಣಿಸು, ನೀರು ಕೊಡು, ಬೆನ್ನು ತುರಸು." ಮೊರದಲ್ಲಿ ಕೀಲಿಗಳನ್ನು ಕೈಯಾಡಿಸಿ ಮಗುಚಿದರು. "ನನ್ನ ಬೆನ್ನು ಅಷ್ಟೇನೂ ತುರಸೂದಿಲ್ಲ."

ಒಂದು ವರ್ಷ ನನಗೆ ಆ ಮಾತುಗಳು ಕಿರಿಕಿರಿ ಆಗಿದ್ದವು. ಎದ್ದು ಹೋಗಿ ಅವರ ಬೆನ್ನು ತುರಿಸಿದೆ. ಬಂದು ನೋಡಿದರೆ ಕಂಪ್ಯೂಟರ್ ಕಟ್ಟೆ ಇಳಿದು ಓಣಿಯಲ್ಲಿತ್ತು.

ಹಸಿರು ಪೂರ್ತಿ ಹೋದ ದಿನ ಫಕ್ರು ಮಾಮಾ ತಂತಿ, ಬೆಸುಗೆ, ಭೂತಗನ್ನಡಿ ತಂದರು. ತಿಂದುಹೋದ ಗೆರೆಗಳ ಮೇಲೆ ಕೂದಲಿನಂಥ ತಂತಿ ಹಾಸಿ ಎರಡೂ ತುದಿಗೆ ಬೆಸುಗೆ ಹಾಕುತ್ತ ಹೋದರು. ಒಂದು ಕಡೆ ಬಂದು ನಿಂತರು.

"ಇಲ್ಲಿ ಆಗಲೇ ಯಾರೋ ಹಚ್ಚ್ಯಾರಲ್ಲ."

ಶಿವಯೋಗಿ ಹಾಕಿದ್ದ ತಂತಿ. ಜ್ವರ ಬಂದ ದಿನ ಅವನು ಮಾಡುತ್ತಿದ್ದ ಕೆಲಸ ಅದು. ಒಂದು ತುದಿ ಸರಿಯಾಗಿತ್ತು. ಇನ್ನೊಂದು ತುದಿಯಲ್ಲಿ ಬೆಸುಗೆ ಗುಳ್ಳೆಯಂತೆ ನಿಂತಿತ್ತು, ಹೊಳಪಿಲ್ಲದೆ. ಸುತ್ತ ಹರಡಿದ, ಬೆಸುಗೆಗೆ ಹಚ್ಚುವ ಹಳದಿ ರಾಳದಲ್ಲಿ ಹೆಬ್ಬೆರಳಿನ ಅರ್ಧ ಗುರುತು ಮೂಡಿ ಹಾಗೇ ಗಟ್ಟಿಯಾಗಿತ್ತು.

"ಇದು ಹಿಡದಂಗ ಕಾಣತೈತಿ, ಹಿಡದಿಲ್ಲ" ಅಂದರು ಮಾಮಾ. "ಮ್ಯಾಲಿಂದ ಬಾಜೂ ಗೆರಿಗೂ ಚಾಚೈತಿ. ತಗದು ಹೊಸಾದು ಹಾಕಬೇಕು."

"ಅದನ್ನು ಮುಟ್ಟಬೇಡಿ ಮಾಮಾ."

"ಯಾಕ ತಂಗಿ?"

"ಅವನು ಹಾಕಿದ್ದು."

ಮಾಮಾ ಬೆಸುಗೆ ಕಡ್ಡಿಯನ್ನು ಕಲ್ಲಿನ ಮೇಲಿಟ್ಟರು. ಆಮೇಲೆ, "ಆತು, ಬ್ಯಾರೆ ಕಡೆ ನೋಡೂಣು" ಅಂದರು. ತಪ್ಪು ಅಲ್ಲೇ ಇದೆ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆದರೂ ಇಬ್ಬರೂ ಮಾನಿಟರಿನ ತಂತಿ ನೋಡಿದೆವು, ಫ್ಲಾಪಿ ಓದುವ ತಲೆ ಒರೆಸಿದೆವು, ಕೀಲಿಗಳನ್ನು ಕೂರಿಸಿದೆವು. ಅವಳು ಓದಿದವಳು, ಹೇಗಾದರೂ ದಾರಿ ಕಂಡಾಳು ಅಂದುಕೊಂಡರೋ ಏನೋ ಮಾಮಾ. ಓದಿದ್ದು ನನಗೆ ಒಂದೇ ಮಾತು ಹೇಳುತ್ತಿತ್ತು. ಕೈಗುರುತು ಅಳಿಸಬೇಡ.

ಕಂಪ್ಯೂಟರ್ ಕಾಯಲಿಲ್ಲ. ನಾಗಕ್ಕನ ಮನೆ ದಾಟಿತು, ಹಿಟ್ಟಿನ ಗಿರಣಿ ದಾಟಿತು, ಕೆರೆಯ ಕಡೆಗೆ ತಿರುಗಿತು. ಮುಂದೆ ಮಾನಿಟರ್ ಹೊತ್ತ ಪೆಟ್ಟಿಗೆ, ಹಿಂದೆ ಬಾಲದಂತೆ ಕೀಲಿಮಣೆ. ನಾವೂ ಸಾಮಾನು ಎತ್ತಿಕೊಂಡು ಅದರ ಜೊತೆ ಹೋದೆವು. ಯಾವ ಮನೆ ಮುಂದೆ ನಿಂತರೆ ಆ ಮನೆಯವರು ಕಿಟಕಿಯಿಂದ ವಯರು ಚಾಚಿ ಕರೆಂಟು ಕೊಡುತ್ತಿದ್ದರು. ಯಾರೋ ಮದುವೆಯ ಜರಿ ಛತ್ರಿ ತಂದು ನೆರಳು ಹಿಡಿದರು. ಛತ್ರಿಗೂ ಬಳಕೆ ಆಯಿತಲ್ಲ ಎಂದು ಅವರಿಗೆ ಸಮಾಧಾನ. ಹವಾಲ್ದಾರರು ಸೀಟಿ ಊದಿ ಗಾಡಿಗಳನ್ನು ಬೇರೆ ಓಣಿಗೆ 'ಹೂಂ, ಹೂಂ' ಎಂದು ತಿರುಗಿಸಿದರು. ಬಹಳ ದಿನಗಳ ನಂತರ ಅವರಿಗೆ ಮನುಷ್ಯರು ಸಿಕ್ಕಿದ್ದರು.

"ಇದು ಹೆಣದ ಮೆರವಣಿಗೀನೋ, ಮದುವಿ ಮೆರವಣಿಗೀನೋ?" ಎಂದು ಗಿರಣಿಯವನು ಕೇಳಿದ.

"ಕಣ್ಣ ಕಾಣೂದಿಲ್ಲೇನು? ರಿಪೇರಿ ಮೆರವಣಿಗಿ" ಅಂದರು ಅತ್ತೆ.

ಕೆರೆಯ ಏರಿಯಿಳಿದರೆ ಬಟ್ಟೆ ಒಗೆಯುವ ಕಲ್ಲುಗಳು, ಅದರಾಚೆ ನೀರು. ಒಂದು ಮಧ್ಯಾಹ್ನ ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದು ಕೈ ತೊಳೆದು ತಿರುಗಿದಾಗ ಅದು ಕೊನೆಯ ಕಲ್ಲಿನ ಮೇಲೆ ಕೂತಿತ್ತು. ಮಾನಿಟರಿನ ಗಾಜಿನಲ್ಲಿ ಈಗ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮಾಮಾ ಪಂಪ್ ಮನೆಯಿಂದ ವಯರು ಎಳೆದು ತಂದರು. ಏನೂ ಹೇಳದೆ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟು, ಅದರ ಹಿಡಿಕೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು.

ಲೆಕ್ಕ ಸರಳವಾಗಿತ್ತು. ಆ ಬೆಸುಗೆ ತೆಗೆದರೆ ಅವನ ಕೈಯ ಕೊನೆಯ ಕೆಲಸ ಹೋಗುತ್ತದೆ. ಬಿಟ್ಟರೆ ಕಂಪ್ಯೂಟರ್ ಹೋಗುತ್ತದೆ, ಅದರ ಹೊಟ್ಟೆಯಲ್ಲಿ ಆ ಬೆಸುಗೆಯೂ ಹೋಗುತ್ತದೆ. ಲೆಕ್ಕ ಎಂದೋ ಮಾಡಿ ಮುಗಿಸಿದ್ದೆ. ಕೈ ಏಳುತ್ತಿರಲಿಲ್ಲ.

"ಅತ್ತೆ" ಅಂದೆ. "ಇದನ್ನು ಅಳಿಸಿದರೆ ಮತ್ತೆ ಏನೂ ಉಳಿಯುವುದಿಲ್ಲ."

ಅತ್ತೆ ಬಗ್ಗಿ ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ಮಗನ ಹೆಬ್ಬೆರಳನ್ನು ಅವರು ನನಗಿಂತ ಮೊದಲು ಕಂಡವರು.

"ಸಣ್ಣಾಂವ ಇದ್ದಾಗೂ ಹಿಂಗ" ಅಂದರು. "ಹಸೀ ಗ್ವಾಡಿ ಕಂಡ್ರ ಬೊಟ್ಟು ಇಡತಿದ್ದ. ಎಷ್ಟ ಬೈದೀನಿ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅಂವಾ ಇದನ್ನ ಯಾಕ ಹಚ್ಚಿದ್ದ? ಗುರುತು ಬಿಡಾಕೇನು?"

"ಅಲ್ಲ. ನಡೆಸಬೇಕು ಅಂತ."

"ಮತ್ತ?"

ಹೆಬ್ಬೆರಳನ್ನು ಒಮ್ಮೆ ಆ ಗುರುತಿನ ಮೇಲಿಟ್ಟೆ. ನನ್ನದು ಚಿಕ್ಕದು. ಆಮೇಲೆ ಕಡ್ಡಿ ಹಿಡಿದೆ. ಮೊದಲು ರಾಳ ಕರಗಿತು, ಗೆರೆಗಳು ಒಂದರೊಳಗೊಂದು ಸೇರಿ ನೀರಾದವು. ಬೆಸುಗೆ ನಡುಗಿ, ಥಟ್ಟನೆ ಹೊಳೆದು, ಕಡ್ಡಿಯ ತುದಿಗೆ ಬಂತು. ತೆಳ್ಳನೆಯ ಹೊಗೆ ಎದ್ದಿತು. ಅವನು ರಿಪೇರಿಗೆ ಕೂತ ಸಂಜೆಗಳಲ್ಲಿ ಅವನ ಮೇಜಿನಿಂದ ಬರುತ್ತಿದ್ದ ವಾಸನೆ, ಧೂಪದಂಥದ್ದು. ಒಂದು ವರ್ಷದಿಂದ ಅದು ನಮ್ಮ ಮನೆಯಲ್ಲಿರಲಿಲ್ಲ. ಉಸಿರು ಹಿಡಿದುಕೊಂಡೆ. ಎಷ್ಟು ಹೊತ್ತು ಹಿಡಿಯಲಾಗುತ್ತದೆ. ಬಿಡಬೇಕಾಯಿತು. ಬಿಟ್ಟಾಗ ಅದರ ಜೊತೆ ಬಂದ ಸದ್ದು ನನ್ನದೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಮಾಮಾ ಕೆರೆಯ ಕಡೆ ತಿರುಗಿ ನಿಂತರು. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟರು, ಹಾಗೇ ಇಟ್ಟುಕೊಂಡಿದ್ದರು.

ಅವನ ತಂತಿಯನ್ನೇ ತುದಿ ಒರೆಸಿ ಮತ್ತೆ ಕೂರಿಸಿದೆ. ಹೊಸ ಬೆಸುಗೆ ಹಾಕಿದೆ. ಅದು ಸ್ವಲ್ಪ ಸೊಟ್ಟಗಾಯಿತು.

"ನನಗಿಂತ ಚಂದ ಬಂದೈತಿ" ಅಂದರು ಮಾಮಾ.

"ಸುಳ್ಳು ಹೇಳೂದ್ರಾಗ ಕೆಪಾಸಿಟರ್ ಸುಟ್ಟೀಯ ಮತ್ತ" ಅಂದರು ಅತ್ತೆ. "ಹಚ್ಚು ಸ್ವಿಚ್ಚು."

ಫ್ಯಾನು ತಿರುಗಿತು. ಪರದೆ ಕಪ್ಪಗಿತ್ತು. ಇನ್ನೂ ಕಪ್ಪಗಿತ್ತು. ಆಮೇಲೆ ಮೂಲೆಯಲ್ಲಿ ಒಂದು ಹಸಿರು ಗೆರೆ ಮಿಣುಕಿತು. ಫ್ಲಾಪಿ ಗಂಟಲು ಸರಿಪಡಿಸಿಕೊಂಡಂತೆ ಗುರುಗುಟ್ಟಿತು. ಏರಿಯ ಮೇಲೆ ನಿಂತವರು ಹೋ ಎಂದರು. ಹವಾಲ್ದಾರರು ಕಾರಣವಿಲ್ಲದೆ ಸೀಟಿ ಊದಿದರು.

"ಕೂಡು ತಂಗಿ, ಬಳಸು" ಅಂದರು ಮಾಮಾ.

ಕಲ್ಲಿನ ಪಕ್ಕ ಮೊಣಕಾಲೂರಿ ಕೂತೆ. ಅಕ್ಷರಗಳು ಮೇಲಿನಿಂದ ಬೀಳತೊಡಗಿದವು. ಒತ್ತಿದೆ. ಒಂದೂ ತಪ್ಪಲಿಲ್ಲ. ಬೆರಳು ತಾನಾಗಿ ಹೋಗುತ್ತಿತ್ತು, ಮನಸ್ಸು ಇನ್ನೂ ಆ ಹೊಗೆಯಲ್ಲೇ ಇತ್ತು. ಕಣ್ಣು ಒರೆಸಿಕೊಂಡು ನೋಡಿದರೆ ಪೆಟ್ಟಿಗೆಯ ಒಂದು ಮೂಲೆ ಕಲ್ಲಿನ ಅಂಚು ದಾಟಿ ನೀರಿನ ಮೇಲಿತ್ತು. ಎಲ್ಲರೂ ನೋಡಿದರು. ಮನಸ್ಸಿಲ್ಲದೆ ಬೆರಳಾಡಿಸುವುದು ಒರೆಸುವುದಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ.

"ಸರಿ ಅತ್ತಾಗ" ಅಂದರು ಅತ್ತೆ.

"ಅತ್ತೆ, ಇದು ಇಂಗ್ಲಿಷು."

"ಕೀಲಿ ತೊಳದಾಕಿ ಯಾರು? ಒಂದೊಂದರ ಮಾರೀನೂ ಗೊತ್ತೈತಿ ನನಗ." ಸೀರೆ ಎತ್ತಿ ಕಟ್ಟಿ, ಕಲ್ಲಿನ ಮೇಲೆ ಕೂತರು. ಒಂದು ಬೆರಳನ್ನು ಕತ್ತಿಯಂತೆ ಮೇಲೆತ್ತಿ ಹಿಡಿದರು. ಮೊದಲ ಅಕ್ಷರ ಬಿತ್ತು. ನೆಲ ಮುಟ್ಟಿತು. ಎರಡನೆಯದೂ ಮುಟ್ಟಿತು. "ಏ ತಡಿ, ತಡಿ, ಯಾರ ಅಟ್ಟಿಸಿಕೊಂಡ ಬಂದಾರು ನಿನ್ನ? ಇದು ಹಾವು. ಹಾವು ಎಲ್ಲೈತಿ... ಆಂ! ಇಲ್ಲೈತಿ." ಟಕ್. ಪರದೆಯ ಮೇಲಿನ ಹಾವು, ಅಂದರೆ ಇಂಗ್ಲಿಷಿನ ಎಸ್, ಗಾಳಿಯಲ್ಲೇ ಮಾಯವಾಯಿತು. ಅತ್ತೆ ಬೆರಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. "ಹೊಡದ್ನೇನು?"

"ಹೊಡೆದಿರಿ."

"ಮುಂದಿಂದು ಬರಲಿ."

ಕುಡುಗೋಲು ಬಂತು, ಏಣಿ ಬಂತು, ಕತ್ತರಿ ಬಂತು, ಬಳೆ ಬಂತು. ಮೂರರಲ್ಲಿ ಎರಡು ನೆಲ ಮುಟ್ಟುತ್ತಿದ್ದವು. ಅವುಗಳಿಗೆ ಅತ್ತೆ ಬೈಯುತ್ತಿದ್ದರು. ಒಂದು ಸಿಕ್ಕರೆ ತೊಡೆ ತಟ್ಟಿಕೊಳ್ಳುತ್ತಿದ್ದರು. ಮಾಮಾ, "ಬಲಕ್ಕ, ಬಲಕ್ಕ" ಎಂದು ಕೂಗಿದರೆ, "ನೀ ಸುಮ್ಮನಿರೋ, ಹೊಗಿ ಎಬ್ಬಿಸಾಂವ" ಅನ್ನುತ್ತಿದ್ದರು. ಅವರಿಗೆ ನಾವು ಯಾರೂ ಇದ್ದಂತಿರಲಿಲ್ಲ.

ಹವಾಲ್ದಾರರು ಬಗ್ಗಿ, ಕಲ್ಲಿನ ಮೇಲೆ ಪೆಟ್ಟಿಗೆಗೆ ತಾಗಿಸಿ ಗುರುತಿಗೆ ಒಂದು ಹರಳು ಇಟ್ಟರು. ನಮಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾವೆಲ್ಲ ಬೇಕೆಂದೇ ಬೇರೆ ಕಡೆ ನೋಡಿದೆವು. ನಾನು ಆಚೆ ದಡದ ಕೊಕ್ಕರೆಯನ್ನು ನೋಡಿದೆ. ಅದು ಒಂದು ಮೀನು ಹಿಡಿದು, ಆಡಿಸಿ, ನುಂಗುವವರೆಗೆ ನೋಡಿದೆ. ಹಿಂದೆ ಟಕ್, ಟಕ್, "ಬಂದಿ ಮಗನಾ, ಕೈಗೆ" ಕೇಳಿಸುತ್ತಿತ್ತು.

ತಿರುಗಿದಾಗ ಹರಳು ಹಾಗೇ ತಾಗಿಕೊಂಡಿತ್ತು.

ಜನ ಒಬ್ಬೊಬ್ಬರಾಗಿ ಹೋದರು. ಬಿಸಿಲು ಇಳಿಯಿತು. ಬಳಕೆಗೆ ಬಂದ ಸಾಮಾನನ್ನು ಮನೆಗೆ ಒಯ್ಯಬಹುದು. ಮಾಮಾ ಕೈಗಾಡಿ ತಂದು ಏರಿಯ ಮೇಲೆ ನಿಲ್ಲಿಸಿದ್ದರು.

"ಏಳಿ ಅತ್ತೆ, ಮನೆಗೆ ಹೋಗೋಣ. ಅಲ್ಲಿ ಆಡುವಿರಂತೆ."

"ತಡಿಯ, ಇದೊಂದ ಆಟ."

ಪಕ್ಕದಲ್ಲಿ ಕೂತೆ. ಅವರ ಬೆರಳಿನ ಸುಣ್ಣ, ಅಡಿಕೆಯ ಕೆಂಪು ಕೀಲಿಗಳಿಗೆಲ್ಲ ಹತ್ತಿತ್ತು. ಕೆಲವುಗಳ ಮೇಲೆ ಅಕ್ಷರವೇ ಕಾಣುತ್ತಿರಲಿಲ್ಲ. ನನಗೆ ಒರೆಸಬೇಕು ಅನ್ನಿಸಲಿಲ್ಲ.

"ಬಾಲ ಇರೂ ಬಳಿ" ಅಂದರು ಅತ್ತೆ. "ಬಾಲ ಇರೂ ಬಳಿ ಎಲ್ಲೈತಿ? ಬಂತು, ಬಂತು, ಬಿತ್ತಲ್ಲೇ..."

ಅದು ನೆಲ ಮುಟ್ಟುವ ಮುಂಚೆ ನನ್ನ ಬೆರಳು ಹೋಗಿ ಒತ್ತಿತ್ತು.

ಅತ್ತೆ ಕೈಗೊಂದು ಏಟು ಕೊಟ್ಟರು. "ನನ್ನ ಆಟದಾಗ ಕೈ ಹಾಕಬ್ಯಾಡ" ಅಂದರು. ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆ, ಕಲ್ಲಿನ ಮೇಲೆ ಸ್ವಲ್ಪ ಸರಿದು ನನಗೆ ಜಾಗ ಬಿಟ್ಟರು.

"ಎಡಗಡಿ ಕೀಲಿ ನಿನಗ" ಅಂದರು.